ತೊಟ್ಟಿಯಲ್ಲಿ ಗುಳ್ಳೆ ಬಂದರೆ ಮೀನಿಗೆ ಆಮ್ಲಜನಕ ಸಿಕ್ಕಂತೆಯೇ? ಜೋಸೆಫ್ ಪ್ರೀಸ್ಟ್ಲಿ ಬದುಕಿನಲ್ಲಿದೆ ಉತ್ತರ

ಬೆಳಿಗ್ಗೆ ಎದ್ದು ನೋಡಿದರೆ ಅಕ್ವೇರಿಯಂನ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಪಾಪ, ಹಸಿವಾಗಿರಬೇಕು ಎಂದು ಮನೆಯವರು ಇನ್ನೊಂದು ಚಿಟಿಕೆ ಆಹಾರ ಉದುರಿಸುತ್ತಾರೆ. ಸಂಜೆಯ ಹೊತ್ತಿಗೆ ಒಂದೆರಡು ಮೀನು ಸತ್ತು ತೇಲುತ್ತವೆ.

ಆ ಮೀನುಗಳಿಗೆ ಹಸಿವಾಗಿರಲಿಲ್ಲ, ಉಸಿರು ಕಟ್ಟಿತ್ತು. ಮನೆಯಲ್ಲಿ ಮೀನು ಸಾಕುವವರ ನಡುವೆ ಮೂರು ಮಾತುಗಳು ಸದಾ ಓಡಾಡುತ್ತಿರುತ್ತವೆ. ಏರ್ ಪಂಪ್ ಗುಳ್ಳೆ ಬಿಡುತ್ತಿದ್ದರೆ ಆಮ್ಲಜನಕದ ಚಿಂತೆಯೇ ಇಲ್ಲ ಎಂಬುದು ಒಂದು. ನಾಲ್ಕು ಗಿಡ ನೆಟ್ಟರೆ ಪಂಪೇ ಬೇಡ ಎಂಬುದು ಇನ್ನೊಂದು. ನೀರು ಎಂದರೆ ಎಚ್‌ಟುಓ, ಅದರಲ್ಲೇ ಆಮ್ಲಜನಕ ಇದೆಯಲ್ಲ ಎಂಬುದು ಮೂರನೆಯದು. ಮೂರೂ ಕೇಳಲು ಸರಿಯೆನಿಸುತ್ತವೆ, ಮೂರನ್ನೂ ನಂಬಿದರೆ ಮೀನು ಸಾಯುತ್ತದೆ.

ಇವು ಎಲ್ಲಿ ತಪ್ಪುತ್ತವೆ ಎಂದು ತಿಳಿಯಲು ಒಬ್ಬರ ಬದುಕನ್ನು ನೋಡೋಣ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಗಾಜಿನ ಜಾಡಿ, ಅದರೊಳಗೆ ಉರಿಯುವ ಮೇಣದಬತ್ತಿ, ಇಲಿ, ಪುದೀನ ಗಿಡ ಇರುವ ಚಿತ್ರ ನೋಡಿದ ನೆನಪಿದೆಯೇ? ಆ ಪ್ರಯೋಗ ಮಾಡಿದ ಜೋಸೆಫ್ ಪ್ರೀಸ್ಟ್ಲಿ ಅವರೇ ಈ ಕಥೆಯ ನಾಯಕ.

ತೊದಲು ಮಾತಿನ ಹುಡುಗ

ಪ್ರೀಸ್ಟ್ಲಿ ಹುಟ್ಟಿದ್ದು 1733ರಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಉಣ್ಣೆ ಬಟ್ಟೆಯ ಕೆಲಸದವರು. ಚಿಕ್ಕ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಹುಡುಗನನ್ನು ಬೆಳೆಸಿದ್ದು ಮಕ್ಕಳಿಲ್ಲದ ಸೋದರತ್ತೆ. ಮಾತು ತೊದಲುತ್ತಿತ್ತು, ಆ ತೊದಲು ಜೀವನಪೂರ್ತಿ ಹೋಗಲಿಲ್ಲ. ಆದರೂ ಅವರು ಆರಿಸಿಕೊಂಡದ್ದು ಚರ್ಚಿನಲ್ಲಿ ಉಪದೇಶ ಮಾಡುವ ಪಾದ್ರಿಯ ಕೆಲಸವನ್ನು!

ಅವರ ಕುಟುಂಬ ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದ ಪಂಗಡಕ್ಕೆ ಸೇರಿತ್ತು. ಅಂಥವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ ಪ್ರೀಸ್ಟ್ಲಿ ಡ್ಯಾವೆಂಟ್ರಿ ಎಂಬ ಊರಿನಲ್ಲಿ ತಮ್ಮ ಪಂಗಡದವರೇ ನಡೆಸುತ್ತಿದ್ದ ಶಾಲೆಯಲ್ಲಿ ಓದಿದರು. ರಸಾಯನಶಾಸ್ತ್ರವನ್ನು ಬಹುಮಟ್ಟಿಗೆ ತಾವೇ ಕಲಿತರು. ಲಂಡನ್ನಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಪರಿಚಯವಾದ ಮೇಲೆ ವಿದ್ಯುತ್ತಿನ ಇತಿಹಾಸದ ಬಗ್ಗೆ ದೊಡ್ಡ ಪುಸ್ತಕ ಬರೆದರು. 1766ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಬಿಯರ್ ಕಾರ್ಖಾನೆಯ ಪಕ್ಕದ ಮನೆ

1767ರಲ್ಲಿ ಪಾದ್ರಿಯಾಗಿ ಲೀಡ್ಸ್‌ಗೆ ಬಂದಾಗ ಅವರಿಗೆ ಸಿಕ್ಕ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿ ದೊಡ್ಡ ದೊಡ್ಡ ಬಾನಿಗಳಲ್ಲಿ ಧಾನ್ಯದ ರಸ ಹುದುಗುತ್ತಿತ್ತು. ಬಾನಿಯ ಮೇಲೆ ಒಂದು ಬಗೆಯ ಗಾಳಿ ಕಂಬಳಿಯಂತೆ ನಿಂತಿರುತ್ತಿತ್ತು. ಉರಿಯುವ ಕಡ್ಡಿ ಹಿಡಿದರೆ ಥಟ್ಟನೆ ಆರಿಹೋಗುತ್ತಿತ್ತು. ಅದು ಇಂಗಾಲದ ಡೈಆಕ್ಸೈಡ್ ಎಂದು ಇಂದು ನಮಗೆ ಗೊತ್ತು.

ಪ್ರೀಸ್ಟ್ಲಿ ಅಲ್ಲಿ ಒಂದು ಸರಳ ಕೆಲಸ ಮಾಡಿದರು. ಎರಡು ಪಾತ್ರೆ ಹಿಡಿದು, ಆ ಗಾಳಿಯ ಪದರದೊಳಗೇ ನೀರನ್ನು ಒಂದರಿಂದ ಇನ್ನೊಂದಕ್ಕೆ ಹೊಯ್ದರು. ನಾವು ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುತ್ತೇವಲ್ಲ, ಹಾಗೆ. ಕೆಲವೇ ನಿಮಿಷಗಳಲ್ಲಿ ನೀರು ಚುರುಗುಟ್ಟುವ ಸೋಡಾ ಆಗಿತ್ತು. 1772ರಲ್ಲಿ ಇದನ್ನು ಮನೆಯಲ್ಲೇ ಮಾಡುವ ವಿಧಾನವನ್ನು ಪುಟ್ಟ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಸೋಡಾವನ್ನು ಉದ್ಯಮ ಮಾಡಿ ಹಣ ಗಳಿಸಿದ್ದು ಜಿನೀವಾದ ಶ್ವೆಪ್ಪೆ ಎಂಬವರು, ಪ್ರೀಸ್ಟ್ಲಿ ಅಲ್ಲ. ಸೋಡಾ ಕುಡಿದರೆ ನಾವಿಕರಿಗೆ ಬರುವ ಸ್ಕರ್ವಿ ರೋಗ ತಡೆಯಬಹುದು ಎಂದು ಅವರು ನಂಬಿದ್ದರು. ಅದು ತಪ್ಪು. ಸ್ಕರ್ವಿಗೆ ಕಾರಣ ವಿಟಮಿನ್ ಸಿ ಕೊರತೆ.

ಆದರೆ ಹೊಯ್ಯುವ ವಿಧಾನ ಸರಿಯಾಗಿತ್ತು. ನಿಮ್ಮ ಮೀನಿನ ತೊಟ್ಟಿಗೆ ಬೇಕಾದ ಮೊದಲ ಪಾಠ ಇಲ್ಲೇ ಇದೆ. ಅನಿಲ ನೀರಿಗೆ ಸೇರುವುದು ನೀರು ಮತ್ತು ಗಾಳಿ ಮುಟ್ಟುವ ಜಾಗದಲ್ಲಿ. ಸುಮ್ಮನೆ ನಿಂತ ನೀರಿನ ಮೇಲ್ಪದರ ಮಾತ್ರ ಅನಿಲ ಹೀರಿಕೊಳ್ಳುತ್ತದೆ, ಅಲ್ಲಿಂದ ಕೆಳಕ್ಕೆ ಇಳಿಯಲು ಬಹಳ ಹೊತ್ತು ಬೇಕು. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ನೀರನ್ನು ಹೊಯ್ದಾಗ, ಕಲಕಿದಾಗ ಕೆಳಗಿನ ನೀರು ಮೇಲೆ ಬಂದು ಗಾಳಿಯನ್ನು ಮುಟ್ಟುತ್ತದೆ.

ಹಾಗಾದರೆ ಏರ್ ಪಂಪಿನ ಗುಳ್ಳೆ ಏನು ಮಾಡುತ್ತದೆ? ಮನೆಯ ತೊಟ್ಟಿಯಲ್ಲಿ ಒಂದು ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು. ಅಷ್ಟರಲ್ಲಿ ಅದರಿಂದ ನೀರಿಗೆ ಇಳಿಯುವ ಆಮ್ಲಜನಕ ಸ್ವಲ್ಪವೇ. ಗುಳ್ಳೆಗಳ ದೊಡ್ಡ ಉಪಯೋಗ ಬೇರೆ. ಅವು ತಳದ ನೀರನ್ನು ಜೊತೆಗೆ ಮೇಲಕ್ಕೆ ಎತ್ತುತ್ತವೆ, ಮೇಲೆ ಒಡೆದು ಅಲೆ ಎಬ್ಬಿಸುತ್ತವೆ. ಒಂದು ಮೂಲೆಯಲ್ಲಿ ನಾಲ್ಕು ಗುಳ್ಳೆ ಬರುತ್ತಾ, ಉಳಿದ ನೀರು ಕನ್ನಡಿಯಂತೆ ನಿಂತಿದ್ದರೆ ಗುಳ್ಳೆ ನೋಡಲು ಚೆಂದ, ಅಷ್ಟೇ.

ಪುದೀನ ಕೊಟ್ಟ ಜೀವ

1771ರ ಆಗಸ್ಟ್. ಮೇಣದಬತ್ತಿ ಉರಿದು ಆರಿಹೋದ ಗಾಳಿಯೊಳಗೆ ಪ್ರೀಸ್ಟ್ಲಿ ಒಂದು ಪುದೀನ ಕುಡಿಯನ್ನು ಇಟ್ಟರು. ಹತ್ತು ದಿನ ಬಿಟ್ಟು ನೋಡಿದರೆ ಅದೇ ಗಾಳಿಯಲ್ಲಿ ಇನ್ನೊಂದು ಮೇಣದಬತ್ತಿ ಚೆನ್ನಾಗಿ ಉರಿಯಿತು. ಕೆಟ್ಟ ಗಾಳಿಯನ್ನು ಗಿಡ ಸರಿಪಡಿಸುತ್ತದೆ ಎಂಬುದು ಹೀಗೆ ಗೊತ್ತಾಯಿತು. ಭೂಮಿಯ ಮೇಲೆ ಇಷ್ಟೊಂದು ಪ್ರಾಣಿಗಳು ಉಸಿರಾಡಿದರೂ ಗಾಳಿ ಏಕೆ ಮುಗಿದುಹೋಗುವುದಿಲ್ಲ ಎಂಬ ಪ್ರಶ್ನೆಗೆ ಅದು ಮೊದಲ ಉತ್ತರ. ಈ ಸಂಶೋಧನೆಗಳಿಗಾಗಿ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟಿತು.

1774ರ ಆಗಸ್ಟ್ 1ರಂದು, ಶ್ರೀಮಂತರೊಬ್ಬರ ಮನೆಯಲ್ಲಿ ಗ್ರಂಥಪಾಲಕರಾಗಿದ್ದಾಗ, ದೊಡ್ಡ ಭೂತಗನ್ನಡಿಯಿಂದ ಬಿಸಿಲನ್ನು ಪಾದರಸದ ಕೆಂಪು ಆಕ್ಸೈಡ್ ಮೇಲೆ ಬೀಳಿಸಿದರು. ಹೊರಬಂದ ಅನಿಲದಲ್ಲಿ ಮೇಣದಬತ್ತಿ ಪ್ರಖರವಾಗಿ ಉರಿಯಿತು. ಮುಂದಿನ ವರ್ಷ ಆ ಗಾಳಿಯಲ್ಲಿ ಇಲಿಯನ್ನು ಇಟ್ಟಾಗ ಅದು ಸಾಮಾನ್ಯ ಗಾಳಿಯಲ್ಲಿ ಬದುಕಬಹುದಾಗಿದ್ದಕ್ಕಿಂತ ಹೆಚ್ಚು ಹೊತ್ತು ಬದುಕಿತು. ತಾವೂ ಅದನ್ನು ಉಸಿರಾಡಿ ನೋಡಿದರು. ಇದೇ ಆಮ್ಲಜನಕ. ಸ್ವೀಡನ್ನಿನ ಷೀಲೆ ಇದನ್ನು ಇನ್ನೂ ಮೊದಲೇ ಕಂಡಿದ್ದರು, ಆದರೆ ಮೊದಲು ಪ್ರಕಟಿಸಿದವರು ಪ್ರೀಸ್ಟ್ಲಿ. ಆಕ್ಸಿಜನ್ ಎಂಬ ಹೆಸರು ಕೊಟ್ಟದ್ದು ಫ್ರಾನ್ಸಿನ ಲಾವೋಸಿಯೇ.

ಎಚ್‌ಟುಓ ಗೊಂದಲಕ್ಕೆ ಉತ್ತರವೂ ಇಲ್ಲಿದೆ. ನೀರಿನ ಅಣುವಿನಲ್ಲಿರುವ ಆಮ್ಲಜನಕ ಹೈಡ್ರೋಜನ್ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿದೆ. ಮೀನಿನ ಕಿವಿರು ಅದನ್ನು ಬಿಡಿಸಲಾರದು. ಮೀನಿಗೆ ಬೇಕಾದದ್ದು ಸೋಡಾದಲ್ಲಿ ಗ್ಯಾಸ್ ಕರಗಿರುವಂತೆ ನೀರಿನಲ್ಲಿ ಕರಗಿರುವ ಆಮ್ಲಜನಕ. ಅದು ಎಷ್ಟಿರುತ್ತದೆ ಗೊತ್ತೇ? ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡುವುದು ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ಮೀನಿನ ಅಗತ್ಯ ಮಾತ್ರ ಹೆಚ್ಚು. ಬೇಸಿಗೆಯಲ್ಲಿ ತೊಟ್ಟಿಯ ಮೀನುಗಳಿಗೆ ಕಷ್ಟವಾಗುವುದು ಇದಕ್ಕೇ.

ರಾತ್ರಿ ಏನಾಗುತ್ತದೆ?

ಪ್ರೀಸ್ಟ್ಲಿ ಅವರ ಪುದೀನ ಪ್ರಯೋಗ ಕೆಲವೊಮ್ಮೆ ಫಲ ಕೊಡುತ್ತಿತ್ತು, ಕೆಲವೊಮ್ಮೆ ಇಲ್ಲ. ಕಾರಣ ಬಿಡಿಸಿದ್ದು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. 1779ರಲ್ಲಿ ಅವರು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರು. ಎಲೆಯ ಮೇಲೆ ಗುಳ್ಳೆಗಳು ಮೂಡಿದವು. ಕತ್ತಲಲ್ಲಿಟ್ಟಾಗ ಗುಳ್ಳೆ ನಿಂತಿತು, ಗಿಡವೇ ಗಾಳಿಯನ್ನು ಕೆಡಿಸತೊಡಗಿತು. ಅಂದರೆ ಗಿಡ ಆಮ್ಲಜನಕ ಕೊಡುವುದು ಬೆಳಕಿನಲ್ಲಿ ಮಾತ್ರ. ಕತ್ತಲಲ್ಲಿ ಅದೂ ನಮ್ಮಂತೆ ಆಮ್ಲಜನಕ ಬಳಸಿ ಉಸಿರಾಡುತ್ತದೆ.

ಈಗ ನಿಮ್ಮ ತೊಟ್ಟಿಯನ್ನು ನೆನಪಿಸಿಕೊಳ್ಳಿ. ರಾತ್ರಿ ಲೈಟ್ ಆರಿಸುತ್ತೀರಿ. ಶಬ್ದ ಬರುತ್ತದೆಂದು ಪಂಪನ್ನೂ ಆರಿಸುತ್ತೀರಿ. ಮೀನು, ಗಿಡ, ತಳದಲ್ಲಿ ಕೊಳೆಯುತ್ತಿರುವ ಆಹಾರವನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಆಮ್ಲಜನಕ ಬಳಸುತ್ತವೆ, ಹೊಸದು ಬರುವುದು ತೀರಾ ಕಡಿಮೆ. ನಸುಕಿನ ಹೊತ್ತಿಗೆ ಅದು ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುವುದು ಆಗ. ಅಲ್ಲಿಗೆ ನೀವು ಇನ್ನಷ್ಟು ಆಹಾರ ಹಾಕಿದರೆ ಕೊಳೆಯುವ ವಸ್ತು ಹೆಚ್ಚಿ, ಆಮ್ಲಜನಕ ಮತ್ತೂ ಇಳಿಯುತ್ತದೆ.

ಗಿಡ ಬೇಡವೆಂದಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಕೊಳೆತ ಎಲೆ ತಿನ್ನುವ ಬಸವನಹುಳುಗಳನ್ನು ಒಟ್ಟಿಗೆ ಇಟ್ಟು ಸಮತೋಲನದ ತೊಟ್ಟಿಯೊಂದನ್ನು ವರದಿ ಮಾಡಿದರು. ಐವತ್ತು ಲೀಟರಿನಷ್ಟು ಅಳತೆಯ ದೊಡ್ಡ ಗಾಜಿನ ಪಾತ್ರೆಯಲ್ಲಿ ಎರಡೇ ಪುಟ್ಟ ಮೀನು ಎಂಬುದನ್ನು ಗಮನಿಸಿ. ಅಷ್ಟೇ ಜಾಗದಲ್ಲಿ ಇಪ್ಪತ್ತು ಮೀನು ತುಂಬಿ ಗಿಡದ ಮೇಲೆ ಭಾರ ಹಾಕಿದರೆ ಲೆಕ್ಕ ಸರಿಹೋಗುವುದಿಲ್ಲ.

ವದಂತಿಗೆ ಸುಟ್ಟುಹೋದ ಪ್ರಯೋಗಾಲಯ

1780ರಲ್ಲಿ ಪ್ರೀಸ್ಟ್ಲಿ ಬರ್ಮಿಂಗ್ಹ್ಯಾಮ್‌ಗೆ ಬಂದರು. ಜೇಮ್ಸ್ ವಾಟ್, ಎರಾಸ್ಮಸ್ ಡಾರ್ವಿನ್ ಮುಂತಾದ ಗೆಳೆಯರ ಜೊತೆಗಿನ ಆ ವರ್ಷಗಳು ಅವರಿಗೆ ನೆಮ್ಮದಿಯವು. ಆದರೆ ಧರ್ಮ ಮತ್ತು ರಾಜಕೀಯದ ಬಗ್ಗೆ ಅವರ ಬರಹಗಳು ಹಲವರನ್ನು ಕೆರಳಿಸಿದ್ದವು. ಫ್ರೆಂಚ್ ಕ್ರಾಂತಿಯನ್ನು ಅವರು ಬೆಂಬಲಿಸಿದ್ದರು. 1791ರ ಜುಲೈ 14ರಂದು ಕ್ರಾಂತಿಯ ನೆನಪಿಗೆ ಊರಿನಲ್ಲಿ ಒಂದು ಔತಣ ಏರ್ಪಟ್ಟಿತು. ಅದಕ್ಕೂ ಮೊದಲೇ ಜನರನ್ನು ರೊಚ್ಚಿಗೆಬ್ಬಿಸುವ ಕರಪತ್ರ ಹರಿದಾಡಿತ್ತು, ವದಂತಿಗಳು ಹಬ್ಬಿದ್ದವು. ಪ್ರೀಸ್ಟ್ಲಿ ಆ ಔತಣಕ್ಕೆ ಹೋಗಿರಲೇ ಇಲ್ಲ. ಆದರೂ ಗುಂಪು ಅವರ ಪ್ರಾರ್ಥನಾಮಂದಿರಕ್ಕೆ ಬೆಂಕಿಯಿಟ್ಟು ಮುಂದೆ ಅವರ ಮನೆಗೂ ನುಗ್ಗಿತು. ಗಂಡ ಹೆಂಡತಿ ಸ್ವಲ್ಪ ಮುಂಚೆ ಪಾರಾಗಿದ್ದರಿಂದ ಜೀವ ಉಳಿಯಿತು. ಗ್ರಂಥಾಲಯ, ಹಸ್ತಪ್ರತಿಗಳು, ಪ್ರಯೋಗಾಲಯ ಎಲ್ಲವೂ ನಾಶವಾದವು.

ಆಗ ಅವರಿಗೆ 58 ವರ್ಷ. ಮೂರು ವರ್ಷಗಳ ನಂತರ, 1794ರಲ್ಲಿ, ದೇಶ ಬಿಟ್ಟು ಅಮೆರಿಕಕ್ಕೆ ಹೊರಟರು. ಪೆನ್ಸಿಲ್ವೇನಿಯಾದ ನಾರ್ಥಂಬರ್ಲೆಂಡ್ ಎಂಬ ಊರಿನಲ್ಲಿ ಮತ್ತೆ ಪ್ರಯೋಗಾಲಯ ಕಟ್ಟಿದರು. ಅಲ್ಲಿ ಕಿರಿಯ ಮಗ ತೀರಿಕೊಂಡ, ಅದರ ಬೆನ್ನಿಗೆ ಹೆಂಡತಿ ಮೇರಿ. 1804ರ ಫೆಬ್ರವರಿ 6ರಂದು ಅವರೂ ಕಣ್ಣುಮುಚ್ಚಿದರು.

ವಸ್ತುಗಳು ಉರಿಯುವಾಗ ಫ್ಲೋಜಿಸ್ಟನ್ ಎಂಬ ಪದಾರ್ಥ ಹೊರಹೋಗುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆಮ್ಲಜನಕವನ್ನು ಕೈಯಲ್ಲಿ ಹಿಡಿದವರೇ ಅದು ಏನೆಂದು ತಪ್ಪಾಗಿ ತಿಳಿದಿದ್ದರು. ಆದರೆ ತಾವು ಕಂಡದ್ದನ್ನು, ಪ್ರಯೋಗ ಕೈಕೊಟ್ಟದ್ದನ್ನೂ ಸೇರಿಸಿ, ಬರೆದಿಟ್ಟರು. ಹಾಗಾಗಿ ಬೇರೆಯವರು ಅದನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು.

ನಿಮ್ಮ ತೊಟ್ಟಿಗೆ ಏನು ಮಾಡಬೇಕು?

* ನೀರಿನ ಮೇಲ್ಮೈ ಸದಾ ಅಲುಗಾಡುತ್ತಿರಲಿ. ಫಿಲ್ಟರಿನಿಂದ ನೀರು ಹೊರಬರುವ ಬಾಯಿಯನ್ನು ಮೇಲ್ಮೈ ಕಡೆಗೆ ಸ್ವಲ್ಪ ತಿರುಗಿಸಿ.
* ಏರ್ ಸ್ಟೋನ್ ಅಥವಾ ಸ್ಪಾಂಜ್ ಫಿಲ್ಟರನ್ನು ತಳದ ಹತ್ತಿರ ಇಡಿ. ತಳದ ನೀರು ಮೇಲೆ ಬರಬೇಕು.
* ರಾತ್ರಿ ಲೈಟ್ ಆರಿಸಿ, ಫಿಲ್ಟರ್ ಮತ್ತು ಪಂಪ್ ಆರಿಸಬೇಡಿ.
* ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ಪೇಪರ್ ಟವೆಲ್ ಹಾಸಿ ತೆಗೆಯಿರಿ.
* ದುಂಡನೆಯ ಗಾಜಿನ ಬೌಲ್ ಆದರೆ ಕುತ್ತಿಗೆಯವರೆಗೆ ನೀರು ತುಂಬಬೇಡಿ. ಅತಿ ಅಗಲವಾದ ಭಾಗದವರೆಗೆ ಮಾತ್ರ ತುಂಬಿದರೆ ಗಾಳಿ ಮುಟ್ಟುವ ಜಾಗ ಹೆಚ್ಚುತ್ತದೆ. ಗೋಲ್ಡ್‌ಫಿಶ್‌ಗೆ ಬೌಲ್ ಯಾವತ್ತೂ ಸಾಲದು.
* ಫೈಟರ್, ಗೌರಾಮಿ ಮೀನುಗಳು ಮೇಲೆ ಬಂದು ನೇರವಾಗಿ ಗಾಳಿ ನುಂಗುವುದು ಸಹಜ, ಅವುಗಳಿಗೆ ಅದಕ್ಕೆಂದೇ ವಿಶೇಷ ಅಂಗವಿದೆ. ಉಳಿದ ಬಹುತೇಕ ಮೀನುಗಳು ಹಾಗೆ ಮಾಡಿದರೆ ಅಪಾಯದ ಸೂಚನೆ.
* ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ ಅಥವಾ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪಂಪಿನೊಳಗೆ ಹಿಂದಕ್ಕೆ ಹರಿಯಬಹುದು.

ಕರೆಂಟ್ ಹೋಗಿ ಮೀನುಗಳು ಒದ್ದಾಡುತ್ತಿದ್ದರೆ? ಮೊದಲು ಆಹಾರ ನಿಲ್ಲಿಸಿ. ಸೋಪು ತಾಗದ ಮಗ್ಗಿನಲ್ಲಿ ತೊಟ್ಟಿಯದೇ ನೀರನ್ನು ಎತ್ತಿ, ಒಂದು ಗೇಣು ಎತ್ತರದಿಂದ ನಿಧಾನವಾಗಿ ಹೊಯ್ಯಿರಿ. ಕೆಲವು ನಿಮಿಷ ಹೀಗೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ನೀರು ಅಲುಗಾಡುತ್ತಿದ್ದರೂ ಮೀನು ಮೇಲೆಯೇ ಇದ್ದರೆ ಅಮೋನಿಯಾ ಹೆಚ್ಚಾಗಿರಬಹುದು. ಆಗ ಕ್ಲೋರಿನ್ ತೆಗೆದ, ಅದೇ ಬಿಸುಪಿನ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ.

ಲೀಡ್ಸ್‌ನ ಬಿಯರ್ ಬಾನಿಯ ಮೇಲೆ ಪ್ರೀಸ್ಟ್ಲಿ ಎರಡು ಪಾತ್ರೆ ಹಿಡಿದು ಮಾಡಿದ್ದೂ ಇದೇ ಕೆಲಸ. ನಿಮ್ಮ ಬಳಗದಲ್ಲಿ ಮೀನು ಸಾಕುವವರಿದ್ದರೆ ಇದನ್ನು ಅವರಿಗೂ ಕಳಿಸಿ. ಬೇಸಿಗೆ ಬರುವ ಮುಂಚೆ ಕಳಿಸಿದರೆ ಇನ್ನೂ ಒಳ್ಳೆಯದು.