ಚಳಿಜ್ವರದ ದಾರಿಯನ್ನು ಕಂಡ ರೋನಾಲ್ಡ್ ರಾಸ್ ದೊರೆಯವರು

ಹೊಯ್ಸಳ ಅರಸರು ತಮ್ಮ ರಾಜ್ಯದ ಮೂಡಣ ಎಲ್ಲೆಯು ನಂಗಲಿಯೆಂದು ಶಾಸನಗಳಲ್ಲಿ ಕೆತ್ತಿಸಿದರು. ಘಟ್ಟದ ಕೆಳಗಿನಿಂದ ಮೇಲಕ್ಕೆ ಬರುವವರಿಗೆ ಬಾಗಿಲಿನಂತಿರುವದರಿಂದ ಈ ಸೀಮೆಯು ಬಹುಕಾಲ ದಂಡುಗಳ ದಾರಿಯಾಗಿತ್ತು. 1768ರಲ್ಲಿ ಹೈದರಾಲಿಗೂ ಕುಂಪಣಿಯವರಿಗೂ ಮುಳಬಾಗಿಲಿನ ಬಳಿ ಕಾಳಗವಾಯಿತು. 1791ರಲ್ಲಿ ಕಾರ್ನ್‌ವಾಲೀಸ್ ದೊರೆಯ ಸೈನ್ಯವು ಮುಗಳಿಯ ಕಣಿವೆಯನ್ನೇರಿ ಕೋಲಾರದ ಮೇಲಿಂದ ಬೆಂಗಳೂರಿಗೆ ನಡೆಯಿತು. ದಂಡು ಇಳಿದ ಕಡೆ ರೋಗವೂ ಇಳಿಯುವದು ಎಲ್ಲಾ ದೇಶಗಳಲ್ಲಿ ಕಂಡ ಸಂಗತಿ. ಹಳೇ ಯುದ್ಧಗಳಲ್ಲಿ ಗುಂಡಿಗೆ ಬಿದ್ದವರಿಗಿಂತ ವಾಂತಿಭೇದಿ, ಆಮಶಂಕೆ, ಚಳಿಜ್ವರಗಳಿಗೆ ಬಿದ್ದವರೇ ಬಹಳ ಸಾರಿ ಹೆಚ್ಚು. ಇವುಗಳಲ್ಲಿ ಚಳಿಜ್ವರವು ಅಂದರೆ ಮಲೇರಿಯಾ ರೋಗವು ಒಬ್ಬನಿಂದ ಮತ್ತೊಬ್ಬನಿಗೆ ಯಾವ ದಾರಿಯಿಂದ ಹೋಗುತ್ತದೆಂಬದನ್ನು ಕಂಡುಹಿಡಿದವರು ದಂಡಿನ ವೈದ್ಯರೊಬ್ಬರೇ. ಅವರು ಸೊಳ್ಳೆಯನ್ನು ಮೊದಲು ಗಮನಿಸಿದ್ದು ನಮಗೆ ಸಮೀಪವಾದ ಬೆಂಗಳೂರಿನಲ್ಲಿ. ಆದಕಾರಣ ಅವರ ಚರಿತ್ರೆಯನ್ನು ನಮ್ಮ ವಾಚಕರಿಗೆ ತಿಳಿಸುವದು ಯುಕ್ತವೆಂದು ಎಣಿಸಿದೆವು.

ರೋನಾಲ್ಡ್ ರಾಸ್ ದೊರೆಯವರು 1857ನೇ ಇಸವಿ ಮೇ 13ರಲ್ಲಿ ಹಿಮಾಲಯದ ಆಲ್ಮೋರದಲ್ಲಿ ಹುಟ್ಟಿದರು. ಮೀರತ್ತಿನಲ್ಲಿ ಸಿಪಾಯಿಗಳ ದಂಗೆಯೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆಯು ಸೇನಾಧಿಕಾರಿ, ಹತ್ತು ಮಂದಿ ಮಕ್ಕಳಲ್ಲಿ ಇವರು ಹಿರಿಯರು. ಎಂಟನೇ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟರು. ಹುಡುಗನ ಮನಸ್ಸು ಪದ್ಯ ಬರೆಯುವದರಲ್ಲಿಯೂ ಚಿತ್ರ ಬರೆಯುವದರಲ್ಲಿಯೂ ಇತ್ತು. ತಂದೆಯು ವೈದ್ಯವನ್ನೇ ಕಲಿಯಬೇಕೆಂದು ಹಟಹಿಡಿದನು. ಹೀಗೆ ಒಲ್ಲದ ಮನಸ್ಸಿನಿಂದ ಕಲಿತು, 1881ರಲ್ಲಿ ಸರ್ಕಾರದ ವೈದ್ಯ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು.

1883ರಲ್ಲಿ ಅವರಿಗೆ ಬೆಂಗಳೂರು ದಂಡಿನಲ್ಲಿ ಕೆಲಸವಾಯಿತು. ಬಂಗಲೆಯಲ್ಲಿ ಇತರರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿ ಸೊಳ್ಳೆಗಳು ಹೆಚ್ಚಾಗಿರುವದನ್ನು ಕಂಡು ಕಾರಣವನ್ನು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯೊಳಗೆ ಹುಳಗಳು ಮಿಜಿಮಿಜಿಗುಟ್ಟುತ್ತಿದ್ದವು. ಪೀಪಾಯಿಯನ್ನು ಬೋರಲು ಹಾಕಿದರು. ಸೊಳ್ಳೆಗಳು ಬಹಳ ಮಟ್ಟಿಗೆ ಕಡಿಮೆಯಾದವು. ಅಧಿಕಾರಿಗಳು ಊಟಮಾಡುವ ಮನೆಯ ಬಳಿಯ ತೊಟ್ಟಿಗಳನ್ನೂ ಹೀಗೆಯೇ ಬರಿದುಮಾಡಬಹುದೆಂದು ಅವರು ತಿಳಿಸಲಾಗಿ, ಅದರ ಮೇಲ್ವಿಚಾರಕನು ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಒಂದು ಉದ್ದೇಶವಿರಬೇಕು, ಅದನ್ನು ಸಹಿಸಿಕೊಳ್ಳುವದೇ ನಮ್ಮ ಕರ್ತವ್ಯವೆಂಬ ಭಾವದಿಂದ ಸುಮ್ಮನಿದ್ದುಬಿಟ್ಟನು. ಈ ಮಾತನ್ನು ನಾವು ನಮ್ಮ ಹಳ್ಳಿಗಳಲ್ಲಿಯೂ ಕೇಳಿದ್ದೇವೆ. ಸೋಮಾರಿತನವು ಎಷ್ಟು ಬೇಗ ಭಕ್ತಿಯ ವೇಷವನ್ನು ಹಾಕಿಕೊಳ್ಳುತ್ತದೆ! ಆದರೆ ಸೊಳ್ಳೆಗೂ ಜ್ವರಕ್ಕೂ ಸಂಬಂಧವುಂಟೆಂಬದು ಆಗ ರಾಸ್ ದೊರೆಯವರಿಗೂ ತಿಳಿದಿರಲಿಲ್ಲ.

1885ರಲ್ಲಿ ಬರ್ಮಾ ದೇಶದ ಮೇಲೆ ನಡೆದ ಯುದ್ಧಕ್ಕೆ ಹೋದರು. 1889ರಲ್ಲಿ ರೋಸಾ ಬ್ಲಾಕ್ಸಮ್ ಎಂಬಾಕೆಯನ್ನು ಮದುವೆಯಾದರು. ಇದಕ್ಕೆ ಮುಂಚೆ 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ದಂಡಿನ ವೈದ್ಯನು ಆಲ್ಜೀರಿಯಾದಲ್ಲಿ ಚಳಿಜ್ವರದವರ ರಕ್ತದೊಳಗೆ ಒಂದು ಸೂಕ್ಷ್ಮಜೀವಿಯನ್ನು ಕಂಡಿದ್ದನು. ರಾಸ್ ದೊರೆಯವರು ಇದನ್ನು ಬಹುಕಾಲ ನಂಬಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಸನ್ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಅದನ್ನು ಕಣ್ಣಾರೆ ತೋರಿಸಿದ ಮೇಲೆಯೇ ನಂಬಿದರು. ಆ ಜೀವಿಯನ್ನು ಸೊಳ್ಳೆಯು ರಕ್ತದೊಡನೆ ಹೀರುತ್ತದೆಂದು ಮ್ಯಾನ್ಸನ್ ಊಹಿಸಿದ್ದರು. ಸೊಳ್ಳೆಯು ಸತ್ತುಬಿದ್ದ ನೀರನ್ನು ಕುಡಿದವನಿಗೆ ರೋಗ ತಗಲುವದೆಂದೂ ಎಣಿಸಿದ್ದರು. ಊಹೆಯ ಮೊದಲರ್ಧ ಸರಿ, ಎರಡನೆಯದು ತಪ್ಪು. ಈ ತಪ್ಪಿನಿಂದ 1895ರಲ್ಲಿ ಸಿಕಂದರಾಬಾದಿನಲ್ಲಿ ಲಕ್ಷ್ಮಣನೆಂಬ ಆಳು ಸೊಳ್ಳೆಯ ನೀರನ್ನು ಕುಡಿದನು. ಅವನಿಗೆ ಸ್ವಲ್ಪ ಜ್ವರ ಬಂದು ಹೋಯಿತು. ಬಡವನ ದೇಹದಲ್ಲಿ ಹೀಗೆ ಪರೀಕ್ಷೆ ಮಾಡಿದ್ದನ್ನು ನಾವು ಹೊಗಳಲಾರೆವು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ವಾಂತಿಭೇದಿ ಹಬ್ಬಲು, ಸರ್ಕಾರದವರು ರಾಸ್ ದೊರೆಯವರನ್ನು ಅಲ್ಲಿಗೆ ಕಳುಹಿಸಿದರು. ಚಳಿಜ್ವರದ ಶೋಧನೆಯು ಬಹುಮಟ್ಟಿಗೆ ನಿಂತುಹೋಯಿತು. ಚರಂಡಿ, ಬಾವಿ, ಕಸದ ಗುಂಡಿ, ಇವೇ ಅವರ ದಿನದ ಕೆಲಸವಾದವು. ಇದರಿಂದ ಅವರು ಬಹಳ ನೊಂದುಕೊಂಡರು. ಆದರೂ ಈ ತಿಂಗಳುಗಳು ವ್ಯರ್ಥವಾಗಲಿಲ್ಲವೆಂದು ನಮಗೆ ತೋರುತ್ತದೆ. ರೋಗಕ್ಕೆ ಔಷಧವೆಷ್ಟು ಮುಖ್ಯವೋ ಊರಿನ ನೀರೂ ಅಷ್ಟೇ ಮುಖ್ಯವೆಂಬದನ್ನು ಅವರು ಮುಂದೆ ಜೀವಮಾನವೆಲ್ಲಾ ಹೇಳುತ್ತಾ ಹೋದರು. ಹೆಸರುಘಟ್ಟದ ಕೆರೆಯ ನೀರು ಕೊಳಾಯಿಗಳಲ್ಲಿ ಬೆಂಗಳೂರಿಗೆ ಬಂದದ್ದೂ ಆ ದಿನಗಳಲ್ಲೇ, 1896ರಲ್ಲಿ.

1897ರಲ್ಲಿ ನೀಲಗಿರಿಗೆ ಹೋದಾಗ ಸೀಗೂರು ಘಟ್ಟದಲ್ಲಿ ತಮಗೇ ಚಳಿಜ್ವರ ತಗಲಿತು. ಜೂನ್ ತಿಂಗಳಲ್ಲಿ ಪುನಃ ಸಿಕಂದರಾಬಾದಿಗೆ ಹೋಗಿ ಬೇಗಂಪೇಟೆಯ ಆಸ್ಪತ್ರೆಯಲ್ಲಿ ಕುಳಿತರು. ಆ ಬೇಸಿಗೆಯ ಕೆಲಸವು ಎಂಥಾದ್ದೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಕೋಣೆಯು ಕಾದ ಹಂಚಿನಂತಿತ್ತು. ಪಂಖಾ ಎಳೆಯಿಸಿದರೆ ಕೊಯ್ದಿಟ್ಟ ಸೊಳ್ಳೆಗಳು ಹಾರಿಹೋಗುವವಾದ್ದರಿಂದ ಅದನ್ನು ನಿಲ್ಲಿಸಿದರು. ಹಣೆಯಿಂದಲೂ ಕೈಯಿಂದಲೂ ಸುರಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಕಣ್ಣಿಡುವ ಕಡೇ ಗಾಜೂ ಬಿರುಕುಬಿಟ್ಟಿತ್ತು. ಕಣ್ಣಿಗೆ ಮುತ್ತುವ ನೊಣಗಳ ಕಾಟವೋ ಹೇಳತೀರದು. ಸಾಸಿವೆಕಾಳಿಗಿಂತ ಚಿಕ್ಕದಾದ ಸೊಳ್ಳೆಯ ಹೊಟ್ಟೆಯನ್ನು ಸೂಜಿಯಿಂದ ಬಿಡಿಸಿ, ಅಂಗುಲವಂಗುಲವಾಗಿ ಎನ್ನುವಂತೆ ನೋಡುತ್ತಾ ಹೋದರು. ಬೂದುಬಣ್ಣದ ಸೊಳ್ಳೆಗಳನ್ನೂ ಪಟ್ಟೆಯ ಸೊಳ್ಳೆಗಳನ್ನೂ ಎಷ್ಟು ಕೊಯ್ದರೂ ಒಂದೂ ಕಾಣಲಿಲ್ಲ.

ಕಡೆಗೆ ಅವರ ಆಳುಗಳು ಚುಕ್ಕೆರೆಕ್ಕೆಯ ಕಂದು ಸೊಳ್ಳೆಯ ಮರಿಗಳನ್ನು ತಂದುಕೊಟ್ಟರು. ಇದೇ ಅನಾಫಿಲಿಸ್ ಜಾತಿ. ಇತರ ಸೊಳ್ಳೆಯ ಮರಿಗಳು ನೀರಿನಲ್ಲಿ ತಲೆಕೆಳಗಾಗಿ ತೂಗಾಡುತ್ತವೆ, ಇದರ ಮರಿಯು ನೀರಿನ ಮೇಲ್ಮೈಗೆ ಸಮನಾಗಿ ಮಲಗುತ್ತದೆ. ಬೆಳೆದದ್ದು ಗೋಡೆಯ ಮೇಲೆ ಹಿಂಭಾಗವನ್ನು ಎತ್ತಿ ಕುಳಿತುಕೊಳ್ಳುತ್ತದೆ. ನಮ್ಮ ವಾಚಕರು ಕುಂಟೆಯ ಅಂಚಿನಲ್ಲಿ ನೋಡಿ ತಿಳಿಯಬಹುದು. ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಎಂಬ ಚಳಿಜ್ವರದ ರೋಗಿಯು ಇದ್ದನು. ಆಗಸ್ಟ್ 16ರಲ್ಲಿ ಅವನನ್ನು ಪರದೆಯೊಳಗೆ ಮಲಗಿಸಿ ಆ ಸೊಳ್ಳೆಗಳನ್ನು ಬಿಟ್ಟರು. ಕಚ್ಚಿದ ಒಂದೊಂದು ಸೊಳ್ಳೆಗೆ ಅವನಿಗೆ ಒಂದೊಂದು ಆಣೆ ದೊರೆಯಿತು. ನಾಲ್ಕು ದಿನಗಳಾದ ಮೇಲೆ, 20ರಲ್ಲಿ, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಕೊಯ್ದು ನೋಡಲು, ಹೊಟ್ಟೆಯ ಗೋಡೆಯಲ್ಲಿ ಗುಂಡಗಿನ ಕಣಗಳೂ ಅವುಗಳೊಳಗೆ ಚಳಿಜ್ವರದ ಜೀವಿಗೆ ಸೇರಿದ ಕರೀ ಹುಡಿಯೂ ಕಂಡವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಅವೇ ಕಣಗಳು ಇನ್ನೂ ದಪ್ಪವಾಗಿ ಬೆಳೆದಿದ್ದವು. ದಾರಿ ಸಿಕ್ಕಿತು. ರಾಸ್ ದೊರೆಯವರು ಅಂದು ದೇವರಿಗೆ ಸ್ತೋತ್ರವಾಗಿ ಪದ್ಯವನ್ನು ಬರೆದರು. ಅವರ ಹೆಸರಿನೊಡನೆ ಹುಸೇನ್ ಖಾನನ ಹೆಸರನ್ನೂ ಹೇಳುವದು ನ್ಯಾಯ.

ಇಷ್ಟಾದ ಮೇಲೆ ಸರ್ಕಾರದವರು ಮಾಡಿದ್ದೇನು? ಸೆಪ್ಟೆಂಬರಿನಲ್ಲಿಯೇ ಚಳಿಜ್ವರವು ವಿರಳವಾಗಿದ್ದ ರಾಜಪುತಾನದ ಖೇರವಾಡಕ್ಕೆ ವರ್ಗಮಾಡಿದರು! ಬಹಳ ಮೊರೆಯಿಟ್ಟ ಮೇಲೆ 1898ರಲ್ಲಿ ಕಲ್ಕತ್ತೆಯಲ್ಲಿ ಶೋಧನೆಗೆ ಅವಕಾಶ ದೊರೆಯಿತು. ಆದರೆ ಅಲ್ಲಿ ಪ್ಲೇಗಿನ ಚುಚ್ಚುಮದ್ದಿನ ಭೀತಿಯಿಂದ ಜನರು ಬೆರಳನ್ನು ಚುಚ್ಚಿಸಿಕೊಳ್ಳಲು ಒಡಂಬಡಲಿಲ್ಲ. ಅಂಜಿದವರನ್ನು ಬಲಾತ್ಕರಿಸದೆ ಅವರು ಹಕ್ಕಿಗಳಿಗೆ ಬರುವ ಚಳಿಜ್ವರವನ್ನು ಹಿಡಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕನು ಕೂಡ ದುಡಿದನು. ಜುಲೈ ತಿಂಗಳಲ್ಲಿ ರೋಗದ ಬೀಜಗಳು ಸೊಳ್ಳೆಯ ಹೊಟ್ಟೆಯಿಂದ ಅದರ ಉಗುಳಿನ ಗ್ರಂಥಿಗೆ ಬರುವದನ್ನು ಕಂಡರು. ಅಂಥಾ ಸೊಳ್ಳೆಗಳು ಕಚ್ಚಿದ ಆರೋಗ್ಯದ ಗುಬ್ಬಿಗಳಿಗೆ ಜ್ವರ ಬಂತು. ಹಾಗಾದರೆ ರೋಗವು ಕುಡಿಯುವ ನೀರಿನಿಂದಲ್ಲ, ಕಡಿತದಿಂದಲೇ. ಅದೇ ವರ್ಷ ಇಟಲಿಯ ಗ್ರಾಸ್ಸಿ ಮೊದಲಾದವರು ಮನುಷ್ಯರಲ್ಲಿಯೂ ಹಾಗೆಯೇ ಎಂದು ಸ್ಥಾಪಿಸಿದರು. 1902ರಲ್ಲಿ ರಾಸ್ ದೊರೆಯವರಿಗೆ ನೊಬೆಲ್ ಬಹುಮಾನವು ಬಂತು. ಗ್ರಾಸ್ಸಿಯೊಡನೆ ಅವರು ಬಹು ವರ್ಷ ಜಗಳವಾಡಿದರು. ಉಪಕಾರಿಯಾದ ಮ್ಯಾನ್ಸನರ ಮೇಲೂ ಮುನಿದರು. ಮುಂಗೋಪವು ಅವರ ದೊಡ್ಡ ದೋಷ.

ತಿಳಿದದ್ದನ್ನು ಆಚರಣೆಗೆ ತರುವದು ಕಂಡುಹಿಡಿಯುವದಕ್ಕಿಂತ ಕಷ್ಟವಾಯಿತು. ಸುಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದವರು 1902ರಲ್ಲಿ ಅವರ ಸಲಹೆಯಂತೆ ನಿಂತ ನೀರನ್ನು ಬತ್ತಿಸಿದರು; ಕೆಲವೇ ವರ್ಷಗಳಲ್ಲಿ ಚಳಿಜ್ವರವು ಅಲ್ಲಿಂದ ಹೆಚ್ಚುಕಡಿಮೆ ತೊಲಗಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಮಾಡಿದ ಇದೇ ಪ್ರಯತ್ನವು ಸಫಲವಾಗಲಿಲ್ಲ. ಖರ್ಚಿಗೆ ಹಣವನ್ನು ಬಿಗಿಹಿಡಿದದ್ದೇ ಕಾರಣವೆಂದು ಅವರು ವಾದಿಸಿದರು.

1914ರಲ್ಲಿ ಮಹಾಯುದ್ಧವು ಹುಟ್ಟಿತು. ಆಗಸ್ಟ್ 26ರಲ್ಲಿ ಅವರ ಹರೆಯದ ಮಗನು ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಮರುವರ್ಷ ಸಿಪಾಯಿಗಳ ಆಮಶಂಕೆಯನ್ನು ವಿಚಾರಿಸುವದಕ್ಕಾಗಿ ರಾಸ್ ದೊರೆಯವರು ಅಲೆಕ್ಸಾಂಡ್ರಿಯಾಕ್ಕೆ ಹೋದರು. ಗ್ರೀಸ್ ದೇಶದ ಸಲೋನಿಕದಲ್ಲಿಯೋ, ಜೌಗಿನ ಬಯಲುಗಳಲ್ಲಿ ಪಾಳೆಯ ಹಾಕಿದ್ದ ಬ್ರಿಟಿಷ್ ಸೈನ್ಯದಲ್ಲಿ ಚಳಿಜ್ವರದಿಂದ ಆಸ್ಪತ್ರೆಗೆ ಸೇರಿಸಿದ್ದು ಯುದ್ಧ ಮುಗಿಯುವ ವೇಳೆಗೆ 1,60,000 ಸಲಕ್ಕೂ ಮಿಕ್ಕಿತ್ತು. ಶತ್ರುವಿನಿಂದ ಸತ್ತವರೂ ಗಾಯಪಟ್ಟವರೂ ಇದರ ಒಂದಂಶ ಮಾತ್ರ. ಇಪ್ಪತ್ತು ವರ್ಷಗಳ ಹಿಂದೆಯೇ ತಿಳಿದಿದ್ದ ಸಂಗತಿಗೆ ಈ ಗತಿ! 1917ರ ನವೆಂಬರಿನಲ್ಲಿ, ಅರುವತ್ತು ವರ್ಷದ ಮುದುಕರಾಗಿ, ಅಲ್ಲಿಗೆ ಸಲಹೆಗಾರರಾಗಿ ಹೊರಟರು. ದಾರಿಯಲ್ಲಿ ಅವರ ಹಡಗಿನ ಮೇಲೆ ಶತ್ರುಗಳು ಟಾರ್ಪೀಡೋ ಬಿಟ್ಟರು. ಹಡಗು ಹೇಗೋ ತಪ್ಪಿಸಿಕೊಂಡಿತು.

ಮೈಸೂರು ಸೀಮೆಯಲ್ಲಿ ಸೊಳ್ಳೆಯ ಶೋಧನೆಯು 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಸಹಾಯದಿಂದ ನಡೆಯತೊಡಗಿತು. ಇಂಡಿಯಾ ದೇಶವೆಲ್ಲಾ ಸೇರಿ ಈ ರೋಗವನ್ನು ಎದುರಿಸತೊಡಗಿದ್ದು 1953ರಲ್ಲಿ. ರಾಸ್ ದೊರೆಯವರು ಅದನ್ನು ನೋಡಲಿಲ್ಲ. ಕಡೇ ವರ್ಷಗಳಲ್ಲಿ ಅವರಿಗೆ ಹಣದ ಕೊರತೆಯಾಗಿ, ತಮ್ಮ ಶೋಧನೆಯ ಕಾಗದಪತ್ರಗಳನ್ನು 1928ರಲ್ಲಿ ಮಾರಾಟಕ್ಕಿಟ್ಟರು; ಹೂಸ್ಟನ್ ದೊರೆಸಾನಿಯವರು 2,000 ಪೌಂಡು ಕೊಟ್ಟು ಕೊಂಡುಕೊಂಡರು. 1931ರಲ್ಲಿ ಪತ್ನಿಯು ತೀರಿಹೋದರು. 1932ನೇ ಇಸವಿ ಸೆಪ್ಟೆಂಬರ್ 16ರಲ್ಲಿ ಲಂಡನ್ನಿನಲ್ಲಿ ಅವರೂ ಮರಣಹೊಂದಿದರು. ಪಟ್ನಿಯ ಸ್ಮಶಾನದಲ್ಲಿ ಆಕೆಯ ಮಗ್ಗುಲಲ್ಲೇ ಅವರನ್ನು ಹೂಣಿಟ್ಟರು.