ಮಳೆಯ ಲೆಕ್ಕ ಹಿಡಿದ ವಾಕರ್

ಗಿಲ್ಬರ್ಟ್ ವಾಕರ್ ಹುಟ್ಟಿದ್ದು 1868ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ. 1889ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಗೆ ಮೊದಲಿಗ. ಬೂಮರಾಂಗ್ ಎಸೆಯೋದು, ಕೊಳಲು, ಇವೆರಡರ ಹುಚ್ಚು ವಿಪರೀತ. ಹವಾಮಾನಶಾಸ್ತ್ರ ಮಾತ್ರ ಓದಿದವನಲ್ಲ. ಅಂಥವನನ್ನು 1904ರಲ್ಲಿ ಭಾರತದ ಹವಾಮಾನ ಇಲಾಖೆಗೆ ಮುಖ್ಯಸ್ಥನನ್ನಾಗಿ ಮಾಡಿದರು.

ಅದಕ್ಕೂ ಕಾರಣವಿತ್ತು ಗೆಳೆಯರೇ. 1876-78ರಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಂದು ಮೈಸೂರು ಸಂಸ್ಥಾನವೊಂದರಲ್ಲೇ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಜನ ಹೋದರು. 1899ರಲ್ಲಿ ಇಲಾಖೆ ಒಳ್ಳೆ ಮಳೆ ಎಂದು ಸಾರಿತು, ಬಂದದ್ದು ಮತ್ತೆ ಬರ. ಹೀಗಾಗಿ ಸರ್ಕಾರಕ್ಕೆ ಲೆಕ್ಕ ಬಲ್ಲವನು ಬೇಕಾಗಿದ್ದ.

ಕಾಮರ್ಸಿನ ನಮಗೆ ಸಂಖ್ಯಾಶಾಸ್ತ್ರದಲ್ಲಿ ಕಾಡುವ ಸಹಸಂಬಂಧ ಗುಣಾಂಕವೇ ಈತನ ಆಯುಧ. ನಾವು ಬೆಲೆಗೂ ಬೇಡಿಕೆಗೂ ಹಾಕೋ ಲೆಕ್ಕವನ್ನು ಆತ ನೈಲ್ ನದಿಯ ಪ್ರವಾಹಕ್ಕೂ ನಮ್ಮ ಮುಂಗಾರಿಗೂ ಹಾಕಿದ, ದೂರದ ಊರುಗಳ ವಾಯುಭಾರಕ್ಕೂ ಹಾಕಿದ. ಕಂಪ್ಯೂಟರ್ ಎಲ್ಲಿತ್ತು? ವರ್ಷಗಟ್ಟಲೆ ಭಾರತೀಯ ಗುಮಾಸ್ತರು ಕೈಯಲ್ಲೇ ಕೂಡಿ ಕಳೆದರು. ಅವರ ಹೆಸರು ಯಾರಿಗೂ ಗೊತ್ತಿಲ್ಲದ್ದು ನನಗೆ ಸರಿ ಕಾಣೋದಿಲ್ಲ. ಒಂದು ವಿಷಯಕ್ಕೆ ಮಾತ್ರ ವಾಕರನನ್ನು ಮೆಚ್ಚಲೇಬೇಕು: ನೂರಾರು ಜೋಡಿ ಹೊಂದಿಸಿ ನೋಡಿದರೆ ಕೆಲವು ಬರೀ ಆಕಸ್ಮಿಕವಾಗಿ ಕೂಡಿಬರುತ್ತವೆ ಅಂತ ತಿಳಿದು ತನ್ನ ಅಂಕಿಗಳನ್ನೇ ಸಂಶಯದಿಂದ ಜರಡಿ ಹಿಡಿದ.

1913ರಲ್ಲಿ ಮದ್ರಾಸಿಗೆ ಹೋದಾಗ ಬಂದರು ಕಚೇರಿಯ ಗುಮಾಸ್ತನೊಬ್ಬನ ಗಣಿತ ನೋಡಿ ವಿಶ್ವವಿದ್ಯಾಲಯಕ್ಕೆ ಶಿಫಾರಸು ಬರೆದ. ತಿಂಗಳಿಗೆ 75 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್.

ಕೊನೆಗೆ ಕಂಡದ್ದು ಒಂದು ದೊಡ್ಡ ತಕ್ಕಡಿ. ಶಾಂತಸಾಗರದಲ್ಲಿ ವಾಯುಭಾರ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಅದಕ್ಕೆ ದಕ್ಷಿಣದ ತೂಗಾಟ ಎಂಬರ್ಥದ ಹೆಸರಿಟ್ಟು, 1924ರಲ್ಲಿ ಆತ ಭಾರತ ಬಿಟ್ಟ. ಯಾಕೆ ತೂಗುತ್ತದೆ ಅನ್ನೋದು ತಿಳಿಯಲೇ ಇಲ್ಲ. ಹೇಳಬೇಕಾಗಿದ್ದ ಮುಂಗಾರಿನ ಭವಿಷ್ಯವೂ ಪಕ್ಕಾ ಆಗಲಿಲ್ಲ. 1958ರಲ್ಲಿ ತೀರಿಕೊಂಡಾಗ, ಆತನ ಆಸೆ ಫಲಿಸಿದಂತಿಲ್ಲ ಎಂಬ ಧಾಟಿಯಲ್ಲೇ ಶ್ರದ್ಧಾಂಜಲಿ ಬರೆದರು.

ಉತ್ತರ ಇದ್ದದ್ದು ಸಮುದ್ರದ ನೀರಿನಲ್ಲಿ. 1969ರಲ್ಲಿ ಯಾಕೊಬ್ ಬಿಯರ್ಕ್‌ನೆಸ್ ಅದನ್ನು ಬಿಡಿಸಿ ತೋರಿಸಿದ. ಪೂರ್ವದ ಗಾಳಿ ಬಿಸಿನೀರನ್ನು ಇಂಡೋನೇಷ್ಯಾ ಕಡೆ ತಳ್ಳಿಟ್ಟಿರುತ್ತದೆ. ಗಾಳಿ ಸೋತಾಗ ಆ ನೀರು ಪೆರು ದೇಶದತ್ತ ಹರಡುತ್ತದೆ, ಮೋಡವೂ ಅದರ ಬೆನ್ನು ಹತ್ತುತ್ತದೆ. ಪೆರುವಿನಲ್ಲಿ ನೆರೆ, ಆಸ್ಟ್ರೇಲಿಯಾದಲ್ಲಿ ಬರ, ನಮ್ಮಲ್ಲಿ ಬಹಳ ಸಲ ಮುಂಗಾರು ಕ್ಷೀಣ. ಇದೇ ಎಲ್ ನಿನ್ಯೊ. ಶಾಂತಸಾಗರದ ಮೇಲಿನ ಆ ಗಾಳಿಯ ಸುತ್ತಿಗೆ ಬಿಯರ್ಕ್‌ನೆಸ್ ಇಟ್ಟದ್ದು ವಾಕರನ ಹೆಸರು.

ಕುರ್ಲಾದ ನಮಗೆ ಮಳೆ ಅಂದರೆ ಹಳಿ ಮೇಲೆ ನೀರು, ಲೋಕಲ್ ಬಂದ್. ಕಲಬುರಗಿ ಕಡೆಯ ನಮ್ಮೂರಲ್ಲಿ ಮಳೆ ಅಂದರೆ ತೊಗರಿ. 2023ರಲ್ಲಿ ಎಲ್ ನಿನ್ಯೊ ಇತ್ತು. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತ. ಆ ವರ್ಷ ನಮ್ಮ ಕಾಕಾ ಹೊಲ ಬಿಟ್ಟು ನಮ್ಮ ಖೋಲಿಗೆ ಬಂದು, ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುತ್ತಿದ್ದರು.

ಆದರೆ 1997ರಲ್ಲಿ ಶಾಂತಸಾಗರ ಇನ್ನೂ ಜೋರಾಗಿ ಕಾದಿತ್ತು, ದೇಶದ ಮಳೆ ಮಾತ್ರ ಸರಿಯಾಗೇ ಬಂತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಿದ್ದದ್ದು ನಮ್ಮನ್ನು ಕಾಯಿತು ಅಂತ ಹಲವು ವಿಜ್ಞಾನಿಗಳ ಅಭಿಪ್ರಾಯ. ಈ ಏರುಪೇರಿಗೆ ದ್ವಿಧ್ರುವ ಎಂಬ ಹೆಸರು ಬಿದ್ದದ್ದೇ 1999ರಲ್ಲಿ. ವಾಕರನ ಕೋಷ್ಟಕಗಳಲ್ಲಿ ಅದು ಇರಲಿಲ್ಲ.