ಪಂಡಿತಾ ರಮಾಬಾಯಿಯವರು

ದೈವಭಕ್ತಿಯೆಂದರೆ ಲೋಕವನ್ನು ತೊರೆದು ದೂರ ಸರಿಯುವುದೆಂದು ಅನೇಕರು ಎಣಿಸುವರು. ಅದು ಹಾಗಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಜನಿಸಿದ ಪಂಡಿತಾ ರಮಾಬಾಯಿಯವರ ಜೀವಿತವು ಸಾಕ್ಷಿಯಾಗಿದೆ. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅದನ್ನು ಸಂಕ್ಷೇಪವಾಗಿ ನಿರೂಪಿಸಲು ಇಚ್ಛಿಸುತ್ತೇವೆ.

ಇವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಸ್ವಜನರ ವಿರೋಧಕ್ಕೆ ಪಾತ್ರರಾಗಿ, ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಆಶ್ರಮವನ್ನು ಕಟ್ಟಿಕೊಂಡರು. ಅಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಾಯಿ ಲಕ್ಷ್ಮೀಬಾಯಿಯವರು ತಾವು ಕಲಿತ ವಿದ್ಯೆಯನ್ನೆಲ್ಲ ಮಗಳಿಗೆ ಧಾರೆಯೆರೆದರು. ಮುಂದೆ ಕುಟುಂಬವು ಪುಣ್ಯಕ್ಷೇತ್ರಗಳಲ್ಲಿ ಪುರಾಣವನ್ನು ಪಠಿಸುತ್ತ ಸಂಚರಿಸಿತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರೂ ತೀರಿಕೊಂಡರು. ಉಳಿದ ಅಣ್ಣನೊಡನೆ ಹಸಿವನ್ನು ಸಹಿಸುತ್ತ ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ, 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

1880ರಲ್ಲಿ ಬಂಗಾಳದ ವಕೀಲರೊಬ್ಬರನ್ನು ವಿವಾಹವಾದ ಇವರು 1882ರಲ್ಲಿ ವಿಧವೆಯಾದರು. ಕೈಯಲ್ಲಿ ಮನೋರಮೆಯೆಂಬ ಹಸುಗೂಸು. ಆದರೂ ಮೂಲೆ ಹಿಡಿಯಲಿಲ್ಲ. ಅದೇ ವರ್ಷ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಆಯೋಗದ ಮುಂದೆ ಸ್ತ್ರೀಯರಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಕ್ರಿಸ್ತನಿಗೆ ತಮ್ಮ ಹೃದಯವನ್ನು ಒಪ್ಪಿಸಿದರೇ ಹೊರತು, ಸಭೆಯ ಹಿರಿಯರಿಗೆ ವಿವೇಕವನ್ನು ಒಪ್ಪಿಸಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಪುಣೆಗೆ ಸ್ಥಳಾಂತರಿಸಿದರು. ಯಾರ ಮತಕ್ಕೂ ಕೈಹಾಕುವುದಿಲ್ಲವೆಂಬುದು ಅಲ್ಲಿಯ ನಿಯಮ. ಆದರೆ ತಾವು ಪ್ರಾರ್ಥಿಸುವಾಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತರು. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದಿತು. ಸಲಹಾ ಸಮಿತಿಯವರು ರಾಜೀನಾಮೆಯಿತ್ತರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಪೋಷಕರ ಆ ಆತಂಕವು ಅಲ್ಪವೆಂದು ನಾವು ಹೇಳಲಾರೆವು. ಜಯನಗರ, ಬನಶಂಕರಿಗಳ ನಾನಾ ಮತಗಳ ಮನೆಗಳಿಂದ ಮಕ್ಕಳು ಬರುವ ಶಾಲೆಗಳಲ್ಲಿ ದುಡಿಯುವ ನಮಗೆ ಅದರ ಭಾರವು ಗೊತ್ತು. ರಮಾಬಾಯಿಯವರು ಯಾರನ್ನೂ ಒಳಗೆ ಎಳೆಯಲಿಲ್ಲ, ತಮ್ಮ ನಂಬಿಕೆಯನ್ನು ಮರೆಮಾಡಲೂ ಇಲ್ಲ. ಈ ಎರಡರ ನಡುವಣ ದಾರಿಯು ಕಿರಿದು. ಅದರಲ್ಲಿ ನಡೆದುದಕ್ಕೆ ಅವರು ತೆತ್ತ ಬೆಲೆಯು ದೊಡ್ಡದು.

1896-97ರ ಕ್ಷಾಮದಲ್ಲಿ ಮಧ್ಯ ಪ್ರಾಂತಗಳಿಗೆ ತಾವೇ ಹೋಗಿ ಸುಮಾರು 300 ಮಂದಿ ಅನಾಥ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿ ಎಂಬ ಆಶ್ರಯವನ್ನು ಕಟ್ಟಿದರು. ತಾವು ಬಾಲ್ಯದಲ್ಲಿ ಉಂಡ ಹಸಿವನ್ನು ಮರೆತಿರಲಿಲ್ಲವಷ್ಟೆ! ಅಲ್ಲಿ ಪ್ರಾರ್ಥನೆಯೊಡನೆ ಬೇಸಾಯ, ನೇಯ್ಗೆ, ಹೈನುಗಾರಿಕೆಗಳು ನಡೆದವು. ಹೆಂಗಸರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. ಕುರುಡರಿಗೂ ಓದು ದೊರೆಯಿತು. ಪ್ಲೇಗಿನ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಸ್ತ್ರೀಯರಿಗೆ ತಕ್ಕ ರಕ್ಷಣೆಯಿಲ್ಲವೆಂದು ಕಂಡು, ಸರ್ಕಾರಕ್ಕೆ ಅಂಜದೆ ಪತ್ರಿಕೆಗೆ ಬರೆದರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಬಡ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು.

ಹುಟ್ಟುನಾಡನ್ನೂ ಮರೆಯಲಿಲ್ಲ. 1912ರಲ್ಲಿ ಕಲಬುರಗಿಯಲ್ಲಿ ಶಾಲೆಯೊಂದನ್ನು ಸ್ಥಾಪಿಸಿ ಮಗಳಿಗೆ ಒಪ್ಪಿಸಿದರು. 1921ರಲ್ಲಿ ಆ ಒಬ್ಬಳೇ ಮಗಳು ತೀರಿಕೊಂಡಳು. ದುಃಖವನ್ನು ನುಂಗಿಕೊಂಡು ಭಾಷಾಂತರದ ಕೆಲಸವನ್ನು ಮುಂದುವರಿಸಿ, 1922ರ ಏಪ್ರಿಲ್ 5ರಂದು ಪ್ರಭುವಿನಲ್ಲಿ ನಿದ್ರೆಹೋದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಆಸ್ಪತ್ರೆಗಳಲ್ಲಿಯೂ ಕೆಲವರು ಕಚೇರಿಗಳಲ್ಲಿಯೂ ಅನೇಕರು ಮನೆಗಳಲ್ಲಿಯೂ ಇದ್ದೀರಿ. ದೇವರ ಸೇವೆಗೆ ಬೇರೆ ಸ್ಥಳವನ್ನು ಹುಡುಕಬೇಕಾಗಿಲ್ಲ. ನಿಂತಿರುವಲ್ಲಿಯೇ ಹಸಿದವರಿಗೂ ನೊಂದವರಿಗೂ ಬಾಗಿಲನ್ನು ತೆರೆದಿಡಿರೆಂಬುದೇ ನಮ್ಮ ಪ್ರಾರ್ಥನೆ.